ಆಸ್ಪತ್ರೆ ಅಂಗಳದಲ್ಲಿ ಕೂರಲು ಒಣ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಪತ್ರೆ ಆವರಣದಲ್ಲಿ ಹಾಳುಬಿದ್ದ ಅಂಗಳವನ್ನು ರೋಗಿಗಳಿಗೆ ಹಿತವಾಗುವ ಹಾಗೆ ಸರಿಮಾಡುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ನನ್ನ ಉತ್ತರ ಮೂರೇ ಪದ. ಕೂರಲು ಒಣ ಜಾಗ. ಉಳಿದ ಹೊತ್ತೂ ಇದನ್ನೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೆಲವು ವರ್ಷಗಳ ಹಿಂದೆ ಮಡಿಕೇರಿಯ ಒಂದು ಆಸ್ಪತ್ರೆಯವರು ಕರೆದಿದ್ದರು. ಹೆಸರು ಬೇಡ. ಎರಡು ಕಟ್ಟಡಗಳ ನಡುವೆ ಒಳ್ಳೆ ಅಗಲದ ಅಂಗಳ. ನೆಲಕ್ಕೆ ಮುಖ ಕಾಣುವಷ್ಟು ಪಾಲಿಶ್ ಮಾಡಿದ ಗ್ರಾನೈಟ್. ನಡುವೆ ಒಂದು ಕಾರಂಜಿ, ಅದೂ ಕೆಟ್ಟು ನಿಂತಿತ್ತು. ಕಾರಂಜಿ ರಿಪೇರಿ ಮಾಡಿ ಹೂಕುಂಡ ಇಡಿ, ಸಾಕು ಅಂದರು. ಸ್ವಾಮಿ, ಮಡಿಕೇರಿಯಲ್ಲಿ ವರ್ಷಕ್ಕೆ 100 ಇಂಚಿಗೂ ಜಾಸ್ತಿ ಮಳೆ ಬೀಳುತ್ತದೆ. ಆಕಾಶವೇ ಪುಕ್ಕಟೆ ಕಾರಂಜಿ ಬಿಡುವಾಗ ಇನ್ನೊಂದು ಯಾಕೆ?

ನಾನು ಜುಲೈನಲ್ಲಿ ಬರುತ್ತೇನೆ ಅಂದೆ. ಬಂದು ಬೆಳಗ್ಗೆಯಿಂದ ಸಂಜೆವರೆಗೆ ಸುಮ್ನೆ ನೋಡುತ್ತಾ ನಿಂತೆ. ಗ್ರಾನೈಟ್ ಮೇಲೆ ಪಾಚಿ. ಜಾರಿ ಬೀಳುತ್ತಾರೆಂದು ಸುತ್ತ ಹಗ್ಗ ಕಟ್ಟಿ, ಪ್ರವೇಶವಿಲ್ಲ ಅಂತ ಬೋರ್ಡು ಹಾಕಿದ್ದರು. ಹಾಗಾದರೆ ಜನ ಎಲ್ಲಿ? ಸ್ಕೂಟರ್ ಶೆಡ್ಡಿನಲ್ಲಿ! ತಗಡಿನ ಮಾಡಿನ ಕೆಳಗೆ ಇಪ್ಪತ್ತು ಜನ. ಮಗು ಎತ್ತಿಕೊಂಡ ಅಮ್ಮಂದಿರು, ಡ್ಯೂಟಿ ಮುಗಿಸಿದ ನರ್ಸುಗಳು. ಸೋಮವಾರಪೇಟೆ ಕಡೆಯ ಒಬ್ಬ ಅಜ್ಜ ಬಕೆಟ್ ಕವುಚಿ ಹಾಕಿ, ಅದರ ಮೇಲೆ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಅಜ್ಜಿ ಒಳಗೆ ವಾರ್ಡಿನಲ್ಲಿ. ‘ಅಂಗಳದಲ್ಲಿ ಕಲ್ಲಿನ ಬೆಂಚು ಉಂಟಲ್ಲ ಅಜ್ಜಾ’ ಅಂದೆ. ‘ಆ ಒದ್ದೆ ಕಲ್ಲಿನ ಮೇಲೆ ಕೂತರೆ ನಾಳೆ ನನ್ನನ್ನೂ ಒಳಗೆ ಮಲಗಿಸಬೇಕಾಗ್ತದೆ ಮಾರಾಯ್ರೆ’ ಅಂದರು.

ನನ್ನ ನಕ್ಷೆ ಅಲ್ಲೇ ಮುಗಿಯಿತು. ಅಂಗಳದ ನಾಲ್ಕೂ ಬದಿಗೆ ಅಗಲವಾದ ಹೆಂಚಿನ ಮಾಡು. ನಮ್ಮ ಹಳೇ ಮನೆಗಳಿಗೆ ಜಗಲಿ ಇಲ್ವಾ, ಹಾಗೆ. ಅದರಡಿ ಮರದ ಬೆಂಚು. ನೆಲದಿಂದ 45 ಸೆಂಟಿಮೀಟರ್ ಎತ್ತರ, ಕೈ ಊರಿ ಏಳಲು ಎರಡೂ ಕಡೆ ಹಿಡಿ. ಗ್ರಾನೈಟ್ ಕಿತ್ತಾಗ ಇನ್ನೊಂದು ಗುಟ್ಟು ಬಯಲಾಯಿತು. ಹಳೇ ಚರಂಡಿಯನ್ನು ಕಾಂಕ್ರೀಟಿನಿಂದ ಮುಚ್ಚಿಬಿಟ್ಟಿದ್ದರು. ನೆಲದ ಇಳಿಜಾರು ಕಟ್ಟಡದ ಕಡೆಗೇ ಇತ್ತು. ಮತ್ತೆ ನೀರು ನಿಲ್ಲದೆ ಎಲ್ಲಿಗೆ ಹೋಗಬೇಕು? ಚರಂಡಿ ಬಿಡಿಸಿದೆವು. ಮೀಟರಿಗೆ 2 ಸೆಂಟಿಮೀಟರಿನಂತೆ ಹೊರಕ್ಕೆ ವಾಟ ಕೊಟ್ಟು ಒರಟು ಕಲ್ಲು ಹಾಸಿದೆವು, ಸಂದಿಗೆ ಜಲ್ಲಿ. ಕಾರಂಜಿ ಕಿತ್ತ ದಿನ ಒಬ್ಬಿಬ್ಬರು ಮುಖ ಸಿಂಡರಿಸಿದರು. ಇರಲಿ.

ಕೂತರೆ ಕಾಯಿಲೆ ವಾಸಿಯಾಗುತ್ತದಾ ಅಂತ ಕೇಳುವವರಿದ್ದಾರೆ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಕ್ 1984ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ಬಲವಾದ ನೋವಿನ ಮದ್ದೂ ಅವರಿಗೆ ಕಡಿಮೆ ಸಾಕಾಯಿತು. ಬರೀ ಕಿಟಕಿಯಿಂದ ನೋಡಿದ್ದಕ್ಕೆ ಇಷ್ಟು! ಹೊರಗೆ ಬಂದು ಮರದ ಹತ್ತಿರ ಕೂತರೆ ಇನ್ನೂ ಒಳ್ಳೇದೇ. ಆದರೆ ಕೂರಲು ಜಾಗ ಒಣಗಿರಬೇಕು, ಅಲ್ವಾ?

ಅಜ್ಜನ ಕಥೆಯಲ್ಲೇ ಸಮಯ ಹೋಯಿತು. ಗಿಡಮರದ ವಿಷಯ ಬೇಗ ಹೇಳಿಬಿಡುತ್ತೇನೆ. ಕಾಫಿ ತೋಟದಲ್ಲಿದೆ ಅಂತ ಸಿಲ್ವರ್ ಓಕ್ ಮರ ತಂದು ನೆಡಬೇಡಿ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಸಂಪಿಗೆ ನನಗೂ ಇಷ್ಟ, ಆದರೆ ವಾಕರಿಕೆ ಇರುವ ರೋಗಿಗೆ ಅಷ್ಟು ಗಾಢ ವಾಸನೆ ಹಿಂಸೆ. ವಾರ್ಡಿನ ಕಿಟಕಿಯಿಂದ ದೂರ ನೆಡಿ. ಗಾಲಿಕುರ್ಚಿಗೆ ಒಂದು ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಅದರ ಮೇಲೂ ಮಾಡು ಬೇಕು, ಮರೆಯಬೇಡಿ.

ಇನ್ನು ಪಾಚಿ. ಒರಟು ಕಲ್ಲಿನ ಮೇಲೂ ಅದು ಬಂದೇ ಬರುತ್ತದೆ. ಮೇ ತಿಂಗಳಲ್ಲೇ ಚರಂಡಿ ಗೋರಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಿಂದ ನೆಲ ತಿಕ್ಕಿಸಿ. ಅದಕ್ಕೆಂದೇ ಒಬ್ಬರನ್ನು ಈಗಲೇ ಗೊತ್ತು ಮಾಡಿಕೊಳ್ಳಿ, ಜೂನ್ ಬಂದ ಮೇಲೆ ಯಾರೂ ಸಿಗುವುದಿಲ್ಲ. ನಮಸ್ಕಾರ.