ಹೊರಟ ಸಂಖ್ಯೆಯೇ ತಿರುಗಿ ಬರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರೋಗ್ರಾಮಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರು, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಅಂಕಿ ತುಂಬುವವರು ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡಿದ್ದಾರೆ ಅಂದುಕೊಂಡು ಮಾತು ಶುರು ಮಾಡುತ್ತೇನೆ. ಉಳಿದವರೂ ಎದ್ದು ಹೋಗಬೇಡಿ. ಲೆಕ್ಕ ಕಮ್ಮಿ, ಕಥೆ ಜಾಸ್ತಿ.

ನಾನು ಹೇಳಬೇಕಾಗಿರುವುದು ಒಂದೇ ಮಾತು. ಕಂಪ್ಯೂಟರಿನೊಳಗೆ ಇರುವ ಸಂಖ್ಯೆಯನ್ನು ಅಂಕಿಗಳಲ್ಲಿ ಬರೆದಿಟ್ಟು, ಆಮೇಲೆ ಅದನ್ನೇ ತಿರುಗಿ ಓದಿಸಿದರೆ, ಹೊರಟ ಸಂಖ್ಯೆಯೇ ವಾಪಸ್ ಬರಬೇಕು. ಅದರ ಅಕ್ಕಪಕ್ಕದ್ದು ಬಂದರೆ ಸಾಲದು.

ಮೊನ್ನೆ ಒಬ್ಬ ವಿದ್ಯಾರ್ಥಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಸರ್, ಎರಡೂ 0.3 ಅಂತಲೇ ಪ್ರಿಂಟ್ ಆಗುತ್ತಿದೆ. ಆದರೆ ಎರಡೂ ಸಮವಾ ಅಂತ ಕೇಳಿದರೆ ಅಲ್ಲ ಅನ್ನುತ್ತಿದೆ" ಅಂದ. ಒಂದು ನೇರವಾಗಿ ಕೊಟ್ಟ 0.3. ಇನ್ನೊಂದು 0.1ಕ್ಕೆ 0.2 ಕೂಡಿಸಿ ಬಂದದ್ದು. ಕಂಪ್ಯೂಟರಿಗೆ ಕೂಡುವ ಲೆಕ್ಕವೇ ಬರುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದ. ಈ ದೂರು ಕೇಳಿ ಕೇಳಿ ನನಗೆ ಸಾಕಾಗಿದೆ, ನಿಜ ಹೇಳುತ್ತೇನೆ.

ಒಂದನ್ನು ಮೂರರಿಂದ ಭಾಗಿಸಿ ಬರೆಯಿರಿ ನೋಡೋಣ. 0.333, ಮುಗಿಯುವುದೇ ಇಲ್ಲ ಅಲ್ವಾ? ನಮಗೆ ಮೂರು ಕೈಕೊಟ್ಟ ಹಾಗೆ, ಸೊನ್ನೆ, ಒಂದು ಅನ್ನುವ ಎರಡೇ ಅಂಕಿಗಳ ಲೆಕ್ಕದಲ್ಲಿ ಬದುಕುವ ಕಂಪ್ಯೂಟರಿಗೆ ಹತ್ತು ಕೈಕೊಡುತ್ತದೆ. ನೀವು 0.1 ಅಂದರೆ ಅದು ತನ್ನ 64 ಬಿಟ್‌ಗಳ, ಅಂದರೆ 64 ಸೊನ್ನೆ-ಒಂದುಗಳ ಜಾಗದಲ್ಲಿ ಹಿಡಿಸುವ, ತೀರಾ ಹತ್ತಿರದ ಸಂಖ್ಯೆಯೊಂದನ್ನು ಇಟ್ಟುಕೊಳ್ಳುತ್ತದೆ. ಅದನ್ನು ಪೂರ್ತಿ ಬರೆದರೆ ಬಿಂದುವಿನ ಮುಂದೆ ಒಂದು, ಆಮೇಲೆ ಹದಿನಾರು ಸೊನ್ನೆ, ಆಮೇಲೆ ಐದು ಐದು ಐದು ಒಂದು ಒಂದು ಒಂದು... ಒಟ್ಟು 55 ಅಂಕಿ. ರೇಡಿಯೋದಲ್ಲಿ ಓದಿದರೆ ನೀವು ಸ್ಟೇಷನ್ ಬದಲಾಯಿಸುತ್ತೀರಿ, ಬೇಡ.

ರಸ್ತೆಯ ಮೈಲಿಗಲ್ಲುಗಳನ್ನು ನೆನಪು ಮಾಡಿಕೊಳ್ಳಿ. ಕಂಪ್ಯೂಟರ್ ಕಲ್ಲಿನ ಮೇಲೆ ಮಾತ್ರ ನಿಲ್ಲಬಲ್ಲದು, ನಡುವೆ ನಿಲ್ಲುವ ಹಾಗಿಲ್ಲ. ನಮ್ಮ ಹುಡುಗನ ಎರಡು ಸಂಖ್ಯೆಗಳು ಅಕ್ಕಪಕ್ಕದ ಎರಡು ಕಲ್ಲುಗಳು. ಅವನ ಪ್ರಿಂಟ್ ಎರಡು ಕಲ್ಲಿಗೂ ಒಂದೇ ಹೆಸರು ಬರೆದಿತ್ತು. ಹೋಲಿಸಿದ್ದು ಸರಿ, ಕೂಡಿದ್ದೂ ಸರಿ. ಬರೆದದ್ದು ಅರ್ಧ ಸತ್ಯ.

ಈಗ ನನಗೆ ಇಷ್ಟವಾದ ಕಥೆ. 1961. ಅಮೆರಿಕದ ಎಂ.ಐ.ಟಿ.ಯಲ್ಲಿ ಎಡ್ವರ್ಡ್ ಲೊರೆಂಜ್ ಅನ್ನುವ ಹವಾಮಾನ ವಿಜ್ಞಾನಿ. ಅವರ ಹತ್ತಿರ ರಾಯಲ್ ಮ್ಯಾಕ್‌ಬೀ ಕಂಪನಿಯ ಎಲ್‌ಜಿಪಿ-30 ಅನ್ನುವ ಕಂಪ್ಯೂಟರ್, ಮೇಜಿನಷ್ಟು ಗಾತ್ರ, ಒಳಗೆಲ್ಲ ವ್ಯಾಕ್ಯೂಮ್ ಟ್ಯೂಬು, ಸದ್ದೂ ಜೋರು. ಅದರೊಳಗೆ ಅವರು ಕೆಲವೇ ಸಮೀಕರಣಗಳ ಒಂದು ಪುಟ್ಟ ಹವಾಮಾನ ಕಟ್ಟಿದ್ದರು. ಯಂತ್ರ ಸಾಲು ಸಾಲಾಗಿ ಅಂಕಿ ಪ್ರಿಂಟ್ ಮಾಡುತ್ತಿತ್ತು.

ಒಂದು ದಿನ ಹಳೆಯ ಓಟದ, ಅಂದರೆ ಯಂತ್ರ ಮೊದಲು ಮಾಡಿ ಮುಗಿಸಿದ್ದ ಲೆಕ್ಕದ, ಒಂದು ಭಾಗವನ್ನು ಇನ್ನೊಮ್ಮೆ ವಿವರವಾಗಿ ನೋಡಬೇಕು ಅನ್ನಿಸಿತು. ಮೊದಲಿನಿಂದ ಯಾಕೆ ಓಡಿಸಬೇಕು? ಕಾಗದದಲ್ಲಿ ಪ್ರಿಂಟ್ ಆಗಿದ್ದ ಒಂದು ಸಾಲು ನೋಡಿಕೊಂಡು ಅದೇ ಅಂಕಿಗಳನ್ನು ಟೈಪ್ ಮಾಡಿದರು, ಯಂತ್ರ ಚಾಲೂ ಮಾಡಿದರು, ಕಾಫಿ ಕುಡಿಯಲು ಹೋದರು. ಗಂಟೆ ಬಿಟ್ಟು ಬಂದಾಗ ಒಳಗೆ ಸುಮಾರು ಎರಡು ತಿಂಗಳ ಹವಾಮಾನ ಕಳೆದಿತ್ತು. ನೋಡಿದರೆ ಹಳೆಯ ಓಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ!

ಮೊದಲು ಅವರಿಗೆ ಬಂದ ಅನುಮಾನ ಟ್ಯೂಬಿನ ಮೇಲೆ. ಯಾವುದೋ ಒಂದು ಸೋತಿರಬೇಕು ಅಂದುಕೊಂಡರು. ಆದರೆ ರಿಪೇರಿಯವರನ್ನು ಕರೆಯುವ ಮೊದಲು ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಶುರುವಿನಲ್ಲಿ ಎರಡೂ ಒಂದೇ. ಆಮೇಲೆ ಕೊನೆಯ ಅಂಕಿಯಲ್ಲಿ ಒಂದು ವ್ಯತ್ಯಾಸ. ಮುಂದೆ ಹೋದಂತೆ ಇನ್ನಷ್ಟು. ಸುಮಾರು ನಾಲ್ಕು ದಿನಕ್ಕೊಮ್ಮೆ ವ್ಯತ್ಯಾಸ ದುಪ್ಪಟ್ಟಾಗುತ್ತಾ ಹೋಗಿ, ಎರಡನೆಯ ತಿಂಗಳಿಗೆ ಗುರುತೇ ಸಿಗದಷ್ಟಾಗಿತ್ತು. ಯಂತ್ರ ಕೆಟ್ಟಿದ್ದರೆ ಇಷ್ಟು ಶಿಸ್ತಾಗಿ ಕೆಡುತ್ತಿರಲಿಲ್ಲ.

ಆಗಿದ್ದೇನು ಅಂದರೆ, ಯಂತ್ರದೊಳಗೆ ಇದ್ದದ್ದು 0.506127. ಕಾಗದದಲ್ಲಿ ಜಾಗ ಉಳಿಸಲು ಪ್ರಿಂಟ್ ಮಾಡುತ್ತಿದ್ದದ್ದು ಮೂರೇ ಅಂಕಿ, 0.506. ಅದನ್ನು ನೋಡಿ ತಿರುಗಿ ಟೈಪ್ ಮಾಡಿದ್ದೂ 0.506. ನಾಲ್ಕು ಸಾವಿರದಲ್ಲಿ ಒಂದು ಪಾಲು ಕಾಗದದ ದಾರಿಯಲ್ಲಿ ಉದುರಿಹೋಗಿತ್ತು. ಲೊರೆಂಜ್ ದೊಡ್ಡ ಮನುಷ್ಯ, ಅದರಿಂದ ಒಂದು ಹೊಸ ವಿಜ್ಞಾನವನ್ನೇ ತೆಗೆದರು. ಚಿಟ್ಟೆ ರೆಕ್ಕೆ ಬಡಿದರೆ ಬಿರುಗಾಳಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಇಲ್ಲಿಂದಲೇ ಹುಟ್ಟಿದ್ದು. ಚಿಟ್ಟೆಯ ಮಾತು ಎಲ್ಲರಿಗೂ ಗೊತ್ತು. ಮೂರಂಕಿಯ ಪ್ರಿಂಟ್ ಯಾರಿಗೂ ನೆನಪಿಲ್ಲ! ನನಗೆ ಇದೊಂದು ಸಣ್ಣ ಸಂಕಟ.

ಅಯ್ಯೋ, ಕಥೆಯೇ ಅರ್ಧ ಸಮಯ ತಿಂದುಬಿಟ್ಟಿತು. ಉಳಿದದ್ದು ಬೇಗ ಹೇಳುತ್ತೇನೆ.

ಹೊರಟದ್ದೇ ವಾಪಸ್ ಬರಬೇಕಾದರೆ ಎಷ್ಟು ಅಂಕಿ ಬರೆಯಬೇಕು? 64 ಬಿಟ್ ಸಂಖ್ಯೆಗೆ ಹದಿನೇಳು ಅಂಕಿ ಬರೆದರೆ ಸಾಕು. 32 ಬಿಟ್ಟಿನದಕ್ಕೆ ಒಂಬತ್ತು. 55 ಬೇಕಿಲ್ಲ, ಕಲ್ಲಿನ ಗುರುತು ಸಿಕ್ಕರೆ ಆಯಿತು. ಆದರೆ ಹದಿನೇಳು ಬರೆದರೆ 0.1 ಅನ್ನುವುದು 0.10000000000000001 ಅಂತ ಕಾಣುತ್ತದೆ, ಜನ ಹೌಹಾರುತ್ತಾರೆ. 1990ರಲ್ಲಿ ಗೈ ಸ್ಟೀಲ್ ಮತ್ತು ಜಾನ್ ವೈಟ್ ಅನ್ನುವ ಕಂಪ್ಯೂಟರ್ ವಿಜ್ಞಾನಿಗಳು ಒಂದು ಪ್ರಬಂಧದಲ್ಲಿ ಇದಕ್ಕೆ ದಾರಿ ತೋರಿಸಿದರು. ಅದೇ ಕಲ್ಲಿಗೆ ವಾಪಸ್ ಕರೆತರುವ ಹೆಸರುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಬರೆಯಿರಿ, ಅಷ್ಟೇ. ಆಗ 0.1 ಸುಮ್ನೆ 0.1. ಕೂಡಿ ಬಂದ ಪಕ್ಕದ ಕಲ್ಲು ಮಾತ್ರ 0.30000000000000004. ಆ ಉದ್ದದ ಬಾಲ ನೋಡಿ ನಗುತ್ತೀರಿ. ಆ ನಾಲ್ಕು ಬರೆಯದಿದ್ದರೆ ತಪ್ಪು ಕಲ್ಲಿಗೆ ಹೋಗುತ್ತೀರಿ. ಪೈಥಾನ್ ಭಾಷೆ 2009ರಲ್ಲಿ, 3.1ನೇ ಆವೃತ್ತಿಯಲ್ಲಿ, ಈ ದಾರಿಗೆ ಬಂತು.

ಸಿ ಭಾಷೆಯವರೇ, ನೀವು ಹುಷಾರು. ಸಂಖ್ಯೆಯನ್ನು ಹೇಗೆ ಬರೆಯಬೇಕು ಅಂತ ಹೇಳುವಾಗ ಸುಮ್ನೆ ಪರ್ಸೆಂಟ್ ಎಫ್ ಹಾಕಿ ಫೈಲಿಗೆ ಬರೆಯಬೇಡಿ. ಅದು ಬಿಂದುವಿನ ಮುಂದೆ ಆರೇ ಅಂಕಿ ಬರೆಯುತ್ತದೆ. ನಿಮ್ಮ ಸಂಖ್ಯೆ 0.000000123 ಆಗಿದ್ದರೆ ಫೈಲಿನಲ್ಲಿ ಸಿಗುವುದು ಬರೀ ಸೊನ್ನೆಗಳ ಸಾಲು. ಅದರ ಬದಲು ಪರ್ಸೆಂಟ್, ಬಿಂದು, ಹದಿನೇಳು, ಜಿ. ಬರೆದುಕೊಳ್ಳಿ. ಹೊರಟದ್ದೇ ವಾಪಸ್ ಬರುತ್ತದೆ.

ಓದುವುದು ಬರೆಯುವುದಕ್ಕಿಂತ ಸುಲಭ ಅಂದುಕೊಂಡಿದ್ದರೆ, 2011ರಲ್ಲಿ ಆದದ್ದು ಕೇಳಿ. 2.2250738585072012, ಅದಕ್ಕೆ ಹತ್ತರ ಮೈನಸ್ 308ನೇ ಘಾತ. ಈ ಒಂದು ಸಂಖ್ಯೆ ಕೊಟ್ಟರೆ ಜಾವಾ ಭಾಷೆ ಎರಡು ಕಲ್ಲುಗಳ ನಡುವೆ ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಓಡಾಡುತ್ತಾ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದರ ಹಿಂದಿನ ತಿಂಗಳಷ್ಟೇ, ಕೊನೆಯಲ್ಲಿ ಹನ್ನೆರಡರ ಬದಲು ಹನ್ನೊಂದು ಇರುವ ಸಂಖ್ಯೆಗೆ ಪಿಎಚ್‌ಪಿ ಭಾಷೆ ಕೆಲವು 32 ಬಿಟ್ ಯಂತ್ರಗಳಲ್ಲಿ ಹೀಗೆಯೇ ಸ್ತಬ್ಧವಾಗಿತ್ತು. ಒಂದು ಸಾಲು ಅಂಕಿ ಕಳಿಸಿ ಸರ್ವರ್ ಮಲಗಿಸಬಹುದಿತ್ತು!

ಜರ್ಮನ್ನರು ಬಿಂದುವಿನ ಬದಲು ಅಲ್ಪವಿರಾಮ ಹಾಕುತ್ತಾರೆ, ಅವರ ಫೈಲು ಓದುವಾಗ ಆಗುವ ಫಜೀತಿಯನ್ನೂ ಹೇಳಬೇಕಿತ್ತು. ಗಾಜಿನ ಆಚೆಯಿಂದ ಕೈಸನ್ನೆ ಆಗುತ್ತಿದೆ. ಅಂದಹಾಗೆ ಆ ವಿದ್ಯಾರ್ಥಿ ಹೊರಡುವಾಗ ಹದಿನೇಳು ಅಂಕಿ ಪ್ರಿಂಟ್ ಮಾಡಿಸಿ ನೋಡಿದ. ಒಂದು ಕಡೆ 0.29999999999999999, ಇನ್ನೊಂದು ಕಡೆ 0.30000000000000004. "ಹಾಗಾದರೆ ಸರ್, ನಾನು ಕೊಟ್ಟ 0.3 ಕೂಡ 0.3 ಅಲ್ವಾ?" ಅಂದ. ಅಲ್ಲಪ್ಪ, ಅದೂ ಅಲ್ಲ.

ನಮಸ್ಕಾರ.