ಬಾಡಿಗೆ ಮನೆ ಖಾಲಿ ಮಾಡೋ ಮುಂಚೆ ಕ್ಲೀನಿಂಗ್: ಬೋರ್ ನೀರಿನ ಕಲೆಗೆ ಆಸಿಡ್ ಹಾಕ್ಲೇಬೇಡಿ

ಸಾಮಾನೆಲ್ಲ ಗಾಡಿ ಹತ್ತಿಯಾಯ್ತು. ಈ ವಿಡಿಯೋದಲ್ಲಿ ಮಾತು ಗುಂಯ್ ಅಂತ ಕೇಳಿಸ್ತಿದ್ರೆ ಮೈಕ್ ತೊಂದರೆ ಅಲ್ಲ, ಹಾಸಿಗೆ ಪರದೆ ಇಲ್ಲದ ರೂಮಲ್ಲಿ ಧ್ವನಿ ಹೀಗೇ. ಕ್ಲೀನಿಂಗ್ ಶುರು ಮಾಡೋಕೆ ಇದೇ ಸರಿಯಾದ ಹೊತ್ತು. ಸಾಮಾನು ಇರುವಾಗ ಗುಡಿಸಿ ಒರೆಸಿದ್ರೆ ಅದೇ ಕೆಲಸ ಇನ್ನೊಂದ್ಸಲ ಮಾಡ್ಬೇಕಾಗತ್ತೆ.

ಮೂಲೆಯಲ್ಲಿ ಇಟ್ಟಿರೋದನ್ನ ನೋಡ್ಕೊಳ್ಳಿ: ಎರಡು ಬಕೆಟ್, ಮಗ್, ಪೊರಕೆ, ಮಾಪ್, ಸ್ಕ್ರೂಡ್ರೈವರ್, ಒಂದಿಂಚಿನ ಪೇಂಟ್ ಬ್ರಶ್, ಹಳೇ ಟೂತ್‌ಬ್ರಶ್, ಸ್ಟೂಲು. ಪ್ಯಾಕರ್ಸ್ ಬರೋ ಮುಂಚೆ ಇಷ್ಟನ್ನೂ ಬಾತ್‌ರೂಮಲ್ಲಿ ಇಟ್ಟು ಬಾಗಿಲು ಮುಚ್ಚಿಬಿಡಿ. ಆ ಹುಡುಗರು ಕೈಗೆ ಸಿಕ್ಕಿದ್ದನ್ನೆಲ್ಲ ಡಬ್ಬಕ್ಕೆ ತುಂಬ್ತಾರೆ, ಪೊರಕೆಯನ್ನೂ ಬಿಡಲ್ಲ. ಹಳೇ ಪೊರಕೆ ಹೊಸ ಮನೆಗೆ ಒಯ್ಯಬಾರದು ಅಂತ ಎಷ್ಟೋ ಮನೆಗಳಲ್ಲಿ ನಂಬಿಕೆ ಇದೆ, ಹಾಗಾಗಿ ಕೊನೇ ಸುತ್ತಿಗೆ ಅದನ್ನೇ ಇಟ್ಕೊಳ್ಳಿ. ಮೇಲಿನ ಟ್ಯಾಂಕ್ ತುಂಬಿದೆಯಾ ಅಂತಲೂ ಕೇಳಿ. ಅರ್ಧ ಕೆಲಸದಲ್ಲಿ ನೀರು ನಿಂತ್ರೆ ಸೋಪಿನ ನೊರೆ ಟೈಲ್ಸ್ ಮೇಲೇ ಒಣಗಿ ಇನ್ನೊಂದು ಕಲೆ ಆಗತ್ತೆ.

ಪೊರಕೆ ಹಿಡಿಯೋ ಮುಂಚೆ ಅಗ್ರಿಮೆಂಟ್ ತೆಗೆದು ಓದಿ. ಬೆಂಗಳೂರಿನ 11 ತಿಂಗಳ ಅಗ್ರಿಮೆಂಟುಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರತ್ತೆ, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆಯನ್ನ ಅಡ್ವಾನ್ಸಲ್ಲಿ ಮುರ್ಕೋತೀವಿ ಅಂತ. ಆ ಸಾಲು ಇದ್ರೆ ಗೋಡೆ ಮುಟ್ಲೇಬೇಡಿ. ದುಡ್ಡು ಹೇಗೂ ಹೋಗತ್ತೆ, ಗೋಡೆ ಉಜ್ಜೋ ಎರಡು ಗಂಟೆಯನ್ನ ಅಡುಗೆಮನೆಗೂ ಬಾತ್‌ರೂಮಿಗೂ ಹಾಕಿ. ಅಡ್ವಾನ್ಸ್ ವಿಷಯ ಬಂತಲ್ಲ, ಈ ಊರಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋ ಪದ್ಧತಿ ಪೂರ್ತಿ ಹೋಗಿಲ್ಲ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅಂತ ಹೇಳತ್ತೆ, ಆದ್ರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನು ಮಾಡಿದ್ರಷ್ಟೇ ಜಾರಿ. ಅಷ್ಟು ದೊಡ್ಡ ಮೊತ್ತ ಇನ್ನೊಬ್ಬರ ಕೈಯಲ್ಲಿ ಇರುವಾಗ ಒಂದು ಟೈಲ್ಸಿನ ಕಲೆಗೂ ಬೆಲೆ ಇರತ್ತೆ. ಸರಿ, ಶಾಟ್ ಮುಂದೆ ಹೋಯ್ತು, ಫ್ಯಾನಿಗೆ ಬರೋಣ.

ಫ್ಯಾನ್ ಹೇಗೆ ಒರೆಸೋದು ಅಂತ ಕಾಣಿಸ್ತಿದೆ, ಹೇಳೋದೇನಿಲ್ಲ. ಮೇಲಿಂದ ಕೆಳಗೆ ಬನ್ನಿ, ಮೊದಲು ಒಣ ಕೆಲಸ, ಆಮೇಲೆ ನೀರು. ಕಿಟಕಿಯ ಸೊಳ್ಳೆ ಜಾಲರಿಗೂ ಅದೇ. ಒಣ ಬ್ರಶ್ಶಲ್ಲಿ ಧೂಳು ಉದುರಿಸದೇ ನೀರು ಹಾಕಿದ್ರೆ ಜಾಲರಿಯ ಒಂದೊಂದು ಕಣ್ಣಲ್ಲೂ ಕೆಸರು ಕೂರತ್ತೆ. ಸ್ಲೈಡಿಂಗ್ ಕಿಟಕಿ ಇದ್ರೆ ಅಲ್ಯೂಮಿನಿಯಂ ಹಳಿಯಲ್ಲಿ, ಹೊರಗಿನ ಬದಿಗೆ, ಸಣ್ಣ ತೂತುಗಳಿರತ್ತೆ. ನೋಡಿ, ಇಲ್ಲಿ. ಮಳೆ ನೀರು ಹೊರಗೆ ಹೋಗೋ ದಾರಿ ಅದು. ಅದರಲ್ಲಿ ಮಣ್ಣು ತುಂಬಿದ್ರೆ ನೀರು ಹಳಿಯಲ್ಲಿ ನಿಂತು ಒಳಗಡೆ ಗೋಡೆಗೆ ಇಳಿಯತ್ತೆ, ಕಿಟಕಿ ಕೆಳಗೆ ಪೇಂಟ್ ಉಬ್ಬತ್ತೆ. ಸೇಫ್ಟಿ ಪಿನ್ ಹಾಕಿ ತಿರುಗಿಸಿದ್ರೆ ಬಿಡಿಸ್ಕೊಳ್ಳತ್ತೆ. ಹಳಿಯ ಮೂಲೆಗೆ ಬೆರಳು ಹೋಗಲ್ಲ, ಸ್ಕ್ರೂಡ್ರೈವರ್ ತುದಿಗೆ ಒದ್ದೆ ಬಟ್ಟೆ ಸುತ್ತಿ ಎಳೀರಿ.

ಗೋಡೆ ಮುಟ್ಬೇಡಿ ಅಂದೆ, ಆದ್ರೆ ಮೊಳೆ ತೂತು ಮಾತ್ರ ಮುಚ್ಚಿ. ಮನೆ ನೋಡೋಕೆ ಬಂದೋರ ಕಣ್ಣಿಗೆ ಮೊದಲು ಬೀಳೋದೇ ಅದು. ಟೂತ್‌ಪೇಸ್ಟ್ ಬೇಡ, ಒಣಗಿ ಕುಗ್ಗಿ ಬಿರುಕು ಬಿಡತ್ತೆ, ಮೇಲೆ ಪೇಂಟ್ ಸರಿಯಾಗಿ ಕೂರಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕೇಜಿ ವಾಲ್ ಪುಟ್ಟಿ ಪ್ಯಾಕೆಟ್ ಸಿಗತ್ತೆ. ನೂರು ಗ್ರಾಂ ಪುಡಿಗೆ ಮೂವತ್ತೈದರಿಂದ ನಲವತ್ತು ಮಿಲಿ ನೀರು, ಅದಕ್ಕಿಂತ ಜಾಸ್ತಿ ಆದ್ರೆ ಇಳಿದು ಹೋಗತ್ತೆ. ತೂತಿಗೆ ಒಂದು ಹನಿ ನೀರು ಮುಟ್ಟಿಸಿ, ಪುಟ್ಟಿ ಒತ್ತಿ ತುಂಬಿ, ಹಳೇ ಎಟಿಎಂ ಕಾರ್ಡಲ್ಲಿ ಸವರಿ. ಪೂರ್ತಿ ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರಲ್ಲಿ ಎರಡು ಸಲ ಉಜ್ಜಿದ್ರೆ ಮುಗೀತು.

ಕೈ ಗುರುತು ಒರೆಸ್ಬೇಕು ಅನ್ಸಿದ್ರೆ ಬಾಗಿಲ ಹಿಂದೆ ಒದ್ದೆ ಬಟ್ಟೆ ಒಂದ್ಸಲ ಉಜ್ಜಿ ನೋಡಿ. ಬಟ್ಟೆಗೆ ಸುಣ್ಣದ ಪುಡಿ ಥರ ಬಣ್ಣ ಬಂದ್ರೆ ಅದು ಡಿಸ್ಟೆಂಪರ್, ಅಂದ್ರೆ ನೀರು ತಾಗಿದ್ರೆ ಬಿಡೋ ಪೇಂಟ್, ಅಲ್ಲಿಗೇ ನಿಲ್ಸಿ, ಒರೆಸಿದ ಜಾಗವೇ ದೊಡ್ಡ ಕಲೆ ಆಗತ್ತೆ. ಇನ್ನು ಡಬಲ್ ಸೈಡ್ ಟೇಪಿನ ಹುಕ್ಕು. ಅದನ್ನ ನಿಮ್ಮ ಕಡೆಗೆ ಎಳೀಬೇಡಿ, ಪುಟ್ಟಿ ಸಮೇತ ಕಿತ್ಕೊಂಡು ಬರತ್ತೆ. ಹೇರ್ ಡ್ರೈಯರ್ ಬಿಸಿ ಒಂದು ನಿಮಿಷ ಕೊಟ್ಟು, ಗಟ್ಟಿ ದಾರ ಹಿಂದೆ ತೂರಿಸಿ ಗರಗಸದ ಹಾಗೆ ಆಡಿಸಿ. ಬೀರು ಬಾಗಿಲಲ್ಲಿ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸಾಕು. ಗೋಡೆಗೆ ಎಣ್ಣೆ ಮುಟ್ಟಿಸ್ಬೇಡಿ, ಹೀರ್ಕೊಂಡು ಕಪ್ಪಾಗತ್ತೆ.

ಅಡುಗೆಮನೆ. ಎಕ್ಸಾಸ್ಟ್ ಫ್ಯಾನ್ ಪ್ಲಗ್ ತೆಗೀದೇ ಕೈ ಹಾಕ್ಬೇಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು. ರೆಕ್ಕೆ ಮೇಲಿರೋದು ಬರೀ ಎಣ್ಣೆ ಅಲ್ಲ. ಒಗ್ಗರಣೆ ಹೊಗೆ ಬಿಸಿಗೆ ಗಟ್ಟಿಯಾಗಿ ಧೂಳು ಹಿಡ್ಕೊಂಡಿದೆ, ಅದಕ್ಕೇ ಪಾತ್ರೆ ಸೋಪಿಗೆ ಜಗ್ಗಲ್ಲ. ಮೊದಲು ಸ್ವಲ್ಪ ಅಡುಗೆ ಎಣ್ಣೆಯನ್ನೇ ಸವರಿ ಹತ್ತು ನಿಮಿಷ ಬಿಡಿ, ಜಿಡ್ಡು ಮೆತ್ತಗಾಗತ್ತೆ. ಆಮೇಲೆ ಅರ್ಧ ಬಕೆಟ್ ಬಿಸಿನೀರಿಗೆ ನೂರು ಗ್ರಾಂ ವಾಷಿಂಗ್ ಸೋಡಾ ಹಾಕಿ ಪ್ಲಾಸ್ಟಿಕ್ ರೆಕ್ಕೆ ನೆನೆಸಿ, ಕೈಗೆ ಗ್ಲೌಸ್ ಇರ್ಲಿ. ರೆಕ್ಕೆ ಅಲ್ಯೂಮಿನಿಯಂ ಆದ್ರೆ ಸೋಡಾ ಬೇಡ, ಕಪ್ಪಾಗತ್ತೆ, ಅದಕ್ಕೆ ಬಿಸಿನೀರು, ಪಾತ್ರೆ ಜೆಲ್ ಅಷ್ಟೇ. ಮೋಟರಿಗೆ ನೀರು ತಾಗಬಾರದು.

ಕಬೋರ್ಡುಗಳನ್ನ ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೀರು ಸುರೀಬೇಡಿ. ಸಿಂಕ್ ಕೆಳಗಿನ ಹಲಗೆಯ ಅಂಚಲ್ಲಿ ಲ್ಯಾಮಿನೇಟ್ ಸ್ವಲ್ಪ ಬಿಟ್ಟಿದ್ರೂ ಒಳಗಿನ ಬೋರ್ಡ್ ನೀರು ಕುಡಿದು ಉಬ್ಬತ್ತೆ, ಮತ್ತೆ ಇಳಿಯಲ್ಲ. ದೇವರ ಗೂಡಿನ ಕಲ್ಲಿಗೆ ದೀಪದ ಎಣ್ಣೆ ಇಳಿದಿದ್ರೆ ಅಡುಗೆ ಸೋಡಾ ಕಲಸಿ ಕಾಲಿಂಚು ದಪ್ಪಕ್ಕೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಹಾಳೆ ತೆಗೆದು ಒಣಗೋಕೆ ಬಿಡಿ, ಒಣಗ್ತಾ ಎಣ್ಣೆಯನ್ನ ಮೇಲಕ್ಕೆ ಎಳ್ಕೊಳ್ಳತ್ತೆ.

ಈಗ ಬಾತ್‌ರೂಮ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ದುಡ್ಡು ಹೋಗೋದು ಇಲ್ಲೇ.

ನಲ್ಲಿ ಕೆಳಗೆ ಟೈಲ್ಸ್ ಮೇಲೆ ಬಿಳಿ ಪದರ ಕಾಣ್ತಿದೆಯಲ್ಲ, ಉಗುರಲ್ಲಿ ಕೆರೆದ್ರೆ ಒರಟಾಗಿ ಸಿಗತ್ತೆ. ಅದು ಕೊಳೆ ಅಲ್ಲ. ಬೋರ್‌ವೆಲ್ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ನೀರು ಆರಿದ ಮೇಲೆ ಕಾರ್ಬೊನೇಟ್ ಆಗಿ ಉಳಿದಿದೆ, ಅಂದ್ರೆ ಸುಣ್ಣದ ಕಲ್ಲು. ಸೋಪಿಗೂ ಫಿನಾಯಿಲಿಗೂ ಇದು ಕರಗೋದಿಲ್ಲ, ಕೈ ಸೋಲೋ ತನಕ ಉಜ್ಜಿದ್ರೂ ಅಷ್ಟೇ. ಕಾವೇರಿ ನೀರು ನದಿ ನೀರು, ಇಷ್ಟು ಗಡಸಲ್ಲ, ಅದು ಬರೋ ಹಳೇ ಬಡಾವಣೆಗಳಲ್ಲಿ ಈ ಪದರ ತೆಳ್ಳಗಿರತ್ತೆ. ಹೊರವಲಯದ 110 ಹಳ್ಳಿಗಳಿಗೆ ಅಂತ ಕಾವೇರಿ 5ನೇ ಹಂತ 2024ರ ಅಕ್ಟೋಬರಲ್ಲಿ ಉದ್ಘಾಟನೆ ಆಯ್ತು, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ಆದ್ರೂ ಬೋರ್ ನೀರು, ಟ್ಯಾಂಕರ್ ನೀರು ನಂಬ್ಕೊಂಡ ಬಿಲ್ಡಿಂಗುಗಳು ಇನ್ನೂ ಬೇಕಾದಷ್ಟಿವೆ. ಅಲ್ಲಿ ಈ ಕಲೆ ತಪ್ಪಲ್ಲ.

ಕಲೆ ನೋಡಿದ ಕೂಡ್ಲೇ ಎಲ್ರೂ ಮಾಡೋದು ಒಂದೇ, ಆಸಿಡ್ ತರೋದು. ಸೈಕಲ್ ಮೇಲೆ ಫಿನಾಯಿಲ್ ಜೊತೆ ಹಳೇ ಬಾಟಲಿಯಲ್ಲಿ ಮಾರ್ಕೊಂಡು ಬರ್ತಾರಲ್ಲ, ಅದೇ. ಕೌಂಟರ್ ಮೇಲೆ ಸುಮ್ಮನೆ ಆಸಿಡ್ ಮಾರಬಾರದು, ಕೊಂಡೋರ ಹೆಸರು ವಿಳಾಸ ಬರೆದಿಡಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೂ ಬೀದಿಯಲ್ಲಿ ಸಿಗತ್ತೆ. ಆಸಿಡ್ ಸುರಿದ ತಕ್ಷಣ ಬುರುಬುರು ಅಂತ ನೊರೆ ಏಳತ್ತೆ. ಆ ನೊರೆ ನೋಡಿ ಕಲೆ ಹೋಗ್ತಿದೆ ಅಂತ ಸಮಾಧಾನ ಪಡ್ತಾರೆ. ಎರಡು ಟೈಲ್ಸ್ ಮಧ್ಯದ ಗೆರೆ ನೋಡಿ, ಅಲ್ಲೂ ಅದೇ ನೊರೆ ಏಳ್ತಿರತ್ತೆ. ಸಂದಿಗೆ ತುಂಬಿರೋದು ಸಿಮೆಂಟು, ಆಸಿಡ್ಡಿಗೆ ಸುಣ್ಣವೂ ಒಂದೇ ಸಿಮೆಂಟೂ ಒಂದೇ. ಸಂದಿ ಕರಗಿ ತೆರ್ಕೊಂಡ್ರೆ ನೀರು ಕೆಳಗಿಳಿದು ಕೆಳಗಿನ ಮನೆ ಸೀಲಿಂಗಲ್ಲಿ ಒದ್ದೆ ಕಾಣಿಸ್ಕೊಳ್ಳತ್ತೆ. ಆಮೇಲೆ ಓನರ್ ಅಡ್ವಾನ್ಸಲ್ಲಿ ಮುರ್ಕೊಳ್ಳೋದು ಕ್ಲೀನಿಂಗ್ ದುಡ್ಡಲ್ಲ, ವಾಟರ್‌ಪ್ರೂಫಿಂಗ್ ದುಡ್ಡು.

ಅಷ್ಟಕ್ಕೇ ಮುಗಿಯಲ್ಲ. ಆಸಿಡ್ ಹೊಗೆಗೆ ನಲ್ಲಿಯ ಹೊಳಪು ಮಂಕಾಗತ್ತೆ, ಬಾಗಿಲ ಹಿಂಜ್ ತುಕ್ಕು ಹಿಡಿಯತ್ತೆ, ಬಾಟಲಿ ಮುಚ್ಚಳ ಸಡಿಲ ಇದ್ರೆ ಪಕ್ಕದಲ್ಲಿರೋ ಸ್ಟೀಲಿಗೂ ಅದೇ ಗತಿ. ಇನ್ನೂ ಒಂದು, ದಯವಿಟ್ಟು ಗಮನ ಇಟ್ಟು ಕೇಳಿ: ಆಸಿಡ್ ಆಗ್ಲಿ ಟಾಯ್ಲೆಟ್ ಕ್ಲೀನರ್ ಆಗ್ಲಿ, ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಸೇರಿಸ್ಬೇಡಿ. ಕ್ಲೋರಿನ್ ಅನಿಲ ಬರತ್ತೆ. ಗೇಣಗಲದ ವೆಂಟಿಲೇಟರ್ ಇರೋ ನಮ್ಮ ಬಾತ್‌ರೂಮುಗಳಲ್ಲಿ ಅದು ಪ್ರಾಣಕ್ಕೇ ಅಪಾಯ. ಒಂದು ಹಾಕಿದ ದಿನ ಇನ್ನೊಂದು ಮುಟ್ಲೇಬೇಡಿ.

ಬೇಕಾಗಿರೋದು ಇದು, ನಿಂಬೆ ಉಪ್ಪು. ಗ್ರಂಧಿಗೆ ಅಂಗಡಿಯಲ್ಲಿ ಕೇಳಿ, ಇಲ್ಲಾಂದ್ರೆ ಸಿಟ್ರಿಕ್ ಆಸಿಡ್ ಅಂತ ಆನ್‌ಲೈನಲ್ಲೂ ಸಿಗತ್ತೆ, ಹೆಸರಲ್ಲಿ ಆಸಿಡ್ ಇದ್ರೂ ಇದು ಬಾಟಲಿ ಆಸಿಡ್ಡಿನಷ್ಟು ಖಾರ ಅಲ್ಲ. ಒಂದು ಲೀಟರ್ ಬಿಸಿನೀರಿಗೆ ಐವತ್ತು ಗ್ರಾಂ. ಮೊದಲು ಟೈಲ್ಸ್ ಮೇಲೆ ಬರೀ ನೀರು ಎರಚಿ, ಸಂದಿಗಳು ನೀರು ಕುಡಿದಿದ್ರೆ ಹುಳಿ ಒಳಗೆ ಇಳಿಯಲ್ಲ. ಆಮೇಲೆ ಹಳೇ ಬನಿಯನ್ ಬಟ್ಟೆಯನ್ನ ನಿಂಬೆ ಉಪ್ಪಿನ ನೀರಲ್ಲಿ ಅದ್ದಿ ಕಲೆ ಮೇಲೆ ಅಂಟಿಸಿ. ನೇರ ಸುರಿದ್ರೆ ಗೋಡೆಯಿಂದ ಇಳಿದು ಹೋಗತ್ತೆ, ಬಟ್ಟೆ ಇದ್ರೆ ನಿಲ್ಲತ್ತೆ. ಇಪ್ಪತ್ತು ನಿಮಿಷ ಬಿಟ್ಟು ಪ್ಲಾಸ್ಟಿಕ್ ಸ್ಕ್ರಬ್ಬರಲ್ಲಿ ಉಜ್ಜಿ ತೊಳೀರಿ. ದಪ್ಪ ಇದ್ರೆ ಇನ್ನೊಂದ್ಸಲ. ಪುಡಿ ಜಾಸ್ತಿ ಹಾಕ್ಬೇಡಿ, ಹೊತ್ತು ಜಾಸ್ತಿ ಕೊಡಿ. ನಲ್ಲಿಗೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ. ಶವರ್ ತಲೆಗೆ ಪ್ಲಾಸ್ಟಿಕ್ ಕವರಲ್ಲಿ ಇದೇ ನೀರು ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಒಂದು ಗಂಟೆ ಕಟ್ಟಿ. ಕೊನೆಗೆ ಅಡುಗೆ ಸೋಡಾ ಹಾಕಿದ ನೀರಲ್ಲಿ ಸಂದಿಗಳನ್ನ ತೊಳೆದ್ರೆ ಉಳಿದ ಹುಳಿ ಸತ್ತುಹೋಗತ್ತೆ.

ಮಾರ್ಬಲ್, ಮೊಸಾಯಿಕ್, ಹಳೇ ಮನೆಗಳ ಕೆಂಪು ನೆಲ ಇದ್ರೆ ನಿಂಬೆ ಉಪ್ಪೂ ಬೇಡ, ವಿನೆಗರೂ ಬೇಡ. ಅವೂ ಸುಣ್ಣ, ಸಿಮೆಂಟಿನ ಜಾತಿಯೇ, ಹೊಳಪು ಹೋಗತ್ತೆ.

ಇಷ್ಟಾದ್ಮೇಲೂ ಒದ್ದೆ ಇರುವಾಗ ಕಾಣದೇ ಒಣಗಿದ ಮೇಲೆ ಮಂಜು ಥರ ಕಾಣಿಸ್ತಿದ್ರೆ ಉಗುರು ಆಡಿಸಿ ನೋಡಿ. ಒರಟಿದ್ರೆ ಸುಣ್ಣ ಉಳಿದಿದೆ, ಮತ್ತೆ ಬಟ್ಟೆ ಹಾಕಿ. ನುಣುಪಾಗಿದ್ರೆ ಟೈಲ್ಸಿನ ಮೇಲ್ಮೈಯೇ ಹೋಗಿದೆ, ಅದಕ್ಕೆ ಯಾವ ಔಷಧಿಯೂ ಇಲ್ಲ, ಸುಮ್ಮನೆ ಉಜ್ಜಬೇಡಿ.

ನೆಲದ ಜಾಲಿ ಎತ್ತಿ ಕೂದಲು ತೆಗೀವಾಗ ಒಳಗೆ ಮಗುಚಿಟ್ಟ ಒಂದು ಪ್ಲಾಸ್ಟಿಕ್ ಕಪ್ ಇರತ್ತೆ. ಅದನ್ನ ತೊಳೆದು ಹಾಗೇ ವಾಪಸ್ ಕೂರ್ಸಿ. ತೆಗೆದು ಬಿಸಾಕಿದ್ರೆ ನೀರು ಸರಾಗವಾಗಿ ಹೋಗತ್ತೆ ನಿಜ, ಆದ್ರೆ ಮೋರಿ ವಾಸನೆಯನ್ನೂ ಜಿರಳೆಯನ್ನೂ ತಡೆಯೋದು ಆ ಕಪ್ಪಿನ ಸುತ್ತ ನಿಂತ ನೀರೇ. ಬೇಸಿನ್ ಕೆಳಗೆ ಪೈಪಲ್ಲಿ ಬಾಟಲಿ ಥರ ಇರೋ ಬಾಟಲ್ ಟ್ರ್ಯಾಪ್ ಕಟ್ಕೊಂಡಿಲ್ಲ ಅಂದ್ರೆ ಬಿಚ್ಬೇಡಿ. ಹಳೇ ವಾಷರ್ ಒಮ್ಮೆ ಬಿಚ್ಚಿದ್ರೆ ಮತ್ತೆ ಬಿಗಿಯಾಗಿ ಕೂರಲ್ಲ, ತೊಟ್ಟಿಕ್ಕತ್ತೆ.

ಡೀಪ್ ಕ್ಲೀನಿಂಗ್‌ನವರನ್ನ ಕರೆಸ್ಬಹುದಾ? ಎರಡು ಬಿಎಚ್‌ಕೆ ಮನೆಗೆ ಸುಮಾರು ಮೂರರಿಂದ ಐದು ಸಾವಿರ ಆಗತ್ತೆ, ಕಬೋರ್ಡ್ ಒಳಗಡೆಗೆ ಕೆಲವರು ಬೇರೆ ಕೇಳ್ತಾರೆ. ಖಾಲಿ ಮನೆಗೆ ಅದು ದಂಡ ಅಂತಲೇ ನನ್ನ ಅಭಿಪ್ರಾಯ. ಆದ್ರೆ ಎರಡು ಬಾತ್‌ರೂಮ್ ಇದ್ದು, ಮಂಡಿ ನೋವಿದ್ದು, ಮಾರನೇ ದಿನವೇ ಕೀ ಕೊಡ್ಬೇಕು ಅಂದ್ರೆ ಬಾತ್‌ರೂಮಿಗಷ್ಟೇ ಕರೆಸಿ, ಅದರಲ್ಲಿ ತಪ್ಪಿಲ್ಲ. ಬಂದ ತಕ್ಷಣ ಯಾವ ಕೆಮಿಕಲ್ ಅಂತ ಕೇಳಿ, ಬಾಟಲಿ ನೋಡಿ, ಆಸಿಡ್ ಇದ್ರೆ ಬೇಡ ಅಂತ ನೇರವಾಗಿ ಹೇಳಿ.

ಕಸ ಹಸಿ, ಒಣ, ಸ್ಯಾನಿಟರಿ ಬೇರೆ ಬೇರೆ ಮಾಡಿ ಬೆಳಗ್ಗೆ ಆಟೋ ಬಂದಾಗ ಕೊಡಿ. ಹಳೇ ಪೇಪರ್, ಕಬ್ಬಿಣ, ರಟ್ಟು ಗುಜರಿಗೆ. ಹಳೇ ಹಾಸಿಗೆಯನ್ನ ರಸ್ತೆ ಮೂಲೆಯಲ್ಲಿ ಇಟ್ಟು ಹೋಗ್ಬೇಡಿ, ಒಂದು ಹಾಸಿಗೆ ಬಿದ್ದ ಜಾಗದಲ್ಲಿ ವಾರದೊಳಗೆ ಕಸದ ಗುಡ್ಡೆ ಆಗತ್ತೆ.

ನೆಲ ಒರೆಸಿ, ಒಳಗಿನ ರೂಮಿಂದ ಬಾಗಿಲ ಕಡೆಗೆ ಬನ್ನಿ. ಒಣಗಿದ ಮೇಲೆ ಹಗಲು ಬೆಳಕಲ್ಲಿ ಒಂದೇ ವಿಡಿಯೋ ಮಾಡಿ, ಕಟ್ ಮಾಡ್ಬೇಡಿ: ಒಂದೊಂದು ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಸ್ವಿಚ್ ಎಲ್ಲ ಹಾಕಿ ತೋರಿಸಿ, ಕಬೋರ್ಡ್ ತೆರೆದು ತೋರಿಸಿ. ಆಮೇಲೆ ಕೆಳಗೆ ಹೋಗಿ ಬೆಸ್ಕಾಂ ಮೀಟರ್ ರೀಡಿಂಗ್, ಮೀಟರ್ ನಂಬರ್ ಎರಡೂ ಕಾಣೋ ಹಾಗೆ ಫೋಟೋ ತೆಗೀರಿ. ಕರೆಂಟ್ ಬಿಲ್ಲಲ್ಲಿರೋ ಆರ್‌ಆರ್ ನಂಬರ್ ಹಾಕಿ ಬಾಕಿ ಬಿಲ್ ಕಟ್ಟಿ, ಆ ರಸೀದಿಯನ್ನೂ ಫೋಟೋವನ್ನೂ ಓನರಿಗೆ ಅದೇ ದಿನ ವಾಟ್ಸಾಪ್ ಮಾಡಿ. ಗೀಸರ್ ಸ್ವಿಚ್ ಆಫ್ ಆಗಿದೆಯಾ ನೋಡ್ಕೊಳ್ಳಿ, ಆಮೇಲೆ ಕೀ ಕೊಡಿ.