ಅವ್ವನ ಅಡುಗೆಮನೆ: ಟೈಲ್ಸ್ ಕೆಳಗೆ ಏನು ಹಾಕ್ತಿದ್ದೇವೆ?

ಎಲ್ಲರಿಗೂ ನಮಸ್ಕಾರ. ಇದು ಧಾರವಾಡದ ನಮ್ಮ ಮನೆಯ ಅಡುಗೆಮನೆ. ಹಳೆಯ ಶಹಾಬಾದ್ ಕಲ್ಲು ಕಿತ್ತು, ನೆಲ ಅಗೆದು, ಗರಸು ಹಾಕಿ ಬಡಿದು, ಬೆಡ್ ಕಾಂಕ್ರೀಟ್ ಮುಗಿಸಿದ್ದೇವೆ. ಟೈಲ್ಸ್ ಬರೋದು ಇನ್ನೂ ದೂರ.

ನಮ್ಮ ಅವ್ವ ಇವತ್ತಿಗೂ ನೆಲದ ಮೇಲೆ ಕೂತೇ ರೊಟ್ಟಿ ಬಡಿಯುತ್ತಾಳೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ತಾಸುಗಟ್ಟಲೆ ಹಾಗೆ ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತವೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ? ಗಾಳಿಯಲ್ಲಿ ತೇವ ಜಾಸ್ತಿ, ನೆಲ ತಂಪು. ಅದರ ಜೊತೆ ಅಡುಗೆಯ ಹಬೆ ಸೇರಿದರೆ ನೆಲ ಬೆವರುತ್ತದೆ, ಕಾಲು ಜಾರುತ್ತದೆ.

ಈಗ ಹಾಸುತ್ತಿರುವುದು 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಮಣ್ಣಿನ ತೇವ ಮೇಲೆ ಬರದಂತೆ ತಡೆಯೋದು ಇದೇ. ಅಂಚನ್ನು ಗೋಡೆಗೆ ಹತ್ತಿಸಿ ಬಿಟ್ಟಿದ್ದೇವೆ, ನೋಡಿ. ಅದರ ಮೇಲೆ 25 ಮಿಲಿಮೀಟರಿನ ಎಕ್ಸ್‌ಪಿಎಸ್ ಬೋರ್ಡ್, ಅಂದರೆ ಶಾಖ ತಡೆಯೋ ಗಟ್ಟಿ ಫೋಮ್ ಹಲಗೆ. ಇಷ್ಟು ತೆಳುವಾದ ಬೋರ್ಡ್ ತಡೆಯುವಷ್ಟು ಶಾಖವನ್ನು ಕಾಂಕ್ರೀಟಿನಲ್ಲಿ ತಡೆಯಬೇಕಾದರೆ ಸುಮಾರು ಒಂದು ಮೀಟರ್ ದಪ್ಪ ಬೇಕು!

"ಥರ್ಮಾಕೋಲ್ ಮ್ಯಾಲೆ ಟೈಲ್ಸ್ ಹಾಕಿದ್ರ ಒಡೀತಾವ್ರೀ" ಅಂದರು ಗೌಂಡಿ ಕಾಕಾ. ಅವರ ಮಾತು ಸರಿ. ಟಿವಿ ಡಬ್ಬಿಯಲ್ಲಿ ಬರೋ ಥರ್ಮಾಕೋಲ್ ಭಾರಕ್ಕೆ ಕುಗ್ಗುತ್ತದೆ, ಟೈಲ್ಸ್ ಸೀಳುತ್ತವೆ. ಅಂಗಡಿಯಲ್ಲಿ 200 ಅಥವಾ 300 ಕೆಪಿಎ (ಕಿಲೋಪಾಸ್ಕಲ್, ಒತ್ತಡದ ಅಳತೆ) ತಾಳುವ ಬೋರ್ಡನ್ನೇ ಕೇಳಿ. ಅದರ ಮೇಲೂ ನೇರವಾಗಿ ಟೈಲ್ಸ್ ಬೇಡ. ಕೀಲುಗಳಿಗೆ ಟೇಪ್ ಹಚ್ಚಿ, ಸುತ್ತಲೂ ಗೋಡೆಗುಂಟ ಫೋಮ್ ಪಟ್ಟಿ ಇಟ್ಟು, ಎರಡು ಇಂಚು ಕಾಂಕ್ರೀಟ್ ಹಾಕಬೇಕು, ನಡುವೆ ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ಇರಬೇಕು. ತುಂಬಿದ ಸಿಲಿಂಡರ್, ಜೋಳದ ಡಬ್ಬಿ, ಎಲ್ಲದರ ಭಾರ ಹಂಚಿಕೊಳ್ಳೋದು ಈ ಪದರ. ಇಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಬೋರ್ಡಿನಿಂದ ಟೈಲ್ಸ್‌ವರೆಗೆ ಒಟ್ಟು ಮೂರೂವರೆ ಇಂಚು ಆಗುತ್ತದೆ. ನೆಲ ಅಗೆಯದೆ ಹಾಕಿದರೆ ಬಾಗಿಲು ತಾಗುತ್ತದೆ, ಅಡುಗೆ ಕಟ್ಟೆ ಗಿಡ್ಡವಾಗುತ್ತದೆ. ಮೊದಲೇ ಅಳತೆ ಹಿಡಿಯಿರಿ.

ಇದರಿಂದ ನೆಲ ಬಿಸಿಯಾಗೋದಿಲ್ಲ. ಕಾಲಿಟ್ಟ ಕೂಡಲೇ ಟೈಲ್ಸ್ ತಂಪೇ ಅನಿಸುತ್ತದೆ. ಆದರೆ ಮಣ್ಣು ಮೈಯ ಶಾಖವನ್ನು ಎಳೆಯುತ್ತಲೇ ಇರೋದು ಕಡಿಮೆಯಾಗುತ್ತದೆ. ಪಡಸಾಲೆಗೆ ಬೇಕಂತಲೇ ಬೋರ್ಡ್ ಹಾಕಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ನಮಗೆ ಅದೇ ಮಣ್ಣಿನ ತಂಪು ಬೇಕು.

ಇನ್ನು ಒಂದು ವಾರ ಕಾಂಕ್ರೀಟಿಗೆ ನೀರು ಹಾಕಿ, ಆಮೇಲೆ ಚೆನ್ನಾಗಿ ಒಣಗಲು ಬಿಡುತ್ತೇವೆ. ಟೈಲ್ಸ್ ಕೆಲಸ ಮುಂದಿನ ವಿಡಿಯೋದಲ್ಲಿ.